ಎಣ್ಣೆ, ಕಿಡಿ, ಗಾಳಿ

ನಮ್ಮ ಕಡೆ ಹೊಳೆದಂಡೆಯ ಊರುಗಳಲ್ಲಿ "ಮಷೀನ್ ಚಾಲೂ ಆತೇನು?" ಎನ್ನುವುದು ಒಂದು ಕಾಲಕ್ಕೆ "ಊಟ ಆತೇನು?" ಎನ್ನುವಷ್ಟೇ ಸಾಮಾನ್ಯ ಮಾತಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಒಕ್ಕಲುತನವೆಲ್ಲ ಘಟಪ್ರಭೆಯನ್ನೂ ಅದನ್ನು ಸೇರುವ ಹಿರಣ್ಯಕೇಶಿ, ಮಾರ್ಕಂಡೇಯಗಳನ್ನೂ ನಂಬಿದ್ದು. ಹೊಳೆ ಕೆಳಗೆ, ಹೊಲ ಮೇಲೆ, ನಡುವೆ ಒಂದು ಎಣ್ಣೆ ಇಂಜಿನ್. ಅದು ಢಗಢಗ ಎಂದರೆ ಕಬ್ಬಿಗೆ ನೀರು. ಸುಮ್ಮನೆ ಕುಳಿತರೆ ಬೆಳೆಯ ಜೊತೆ ಮನೆಮಂದಿಯ ಮುಖವೂ ಬಾಡುತ್ತಿತ್ತು. ಇಂಜಿನ್ ಚಾಲೂ ಮಾಡುವ ಈ ವಿದ್ಯೆಗೂ ಒಂದು ಇತಿಹಾಸವಿದೆ. ಅದರಲ್ಲಿ ಹೆಣ್ಣುಮಕ್ಕಳ ಪಾಲೂ ಇದೆ, ಆದರೆ ಅದನ್ನು ನಮಗೆ ಯಾರೂ ಹೇಳಲಿಲ್ಲ.

1888ರ ಆಗಸ್ಟ್ ತಿಂಗಳು. ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಣ್ಣುಮಗಳು ತನ್ನ ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಗಾಲಿಯ ಮೋಟಾರು ಗಾಡಿಯನ್ನು, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಹೊರಡಿಸಿದಳು. ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಸುಮಾರು ನೂರು ಕಿಲೋಮೀಟರ್. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿಕೊಂಡಿತು. ಟೊಪ್ಪಿಗೆಗೆ ಚುಚ್ಚುವ ಪಿನ್ನು ತೆಗೆದು ಅದನ್ನು ಬಿಡಿಸಿದಳು. ಕಿಡಿ ಒಯ್ಯುವ ತಂತಿಯ ಹೊದಿಕೆ ಸವೆದು ಹೋಯಿತು. ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಪಂಪ್ ಸ್ಟೋವಿಗೆ ಪಿನ್ನು ಹಾಕಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿದೆ, ಹೇಳಿ?

ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದರು. ಅವರು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅಂಗಡಿಯಿಂದ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ, 1946ರಲ್ಲಿ ಪುಣೆಯಲ್ಲಿ ಎಣ್ಣೆ ಇಂಜಿನ್ನಿನ ಕಂಪನಿ, ಹೀಗೆ ಬೆಳೆಯಿತು ಆ ಮನೆತನದ ಕೆಲಸ. ನಮ್ಮ ಹೊಳೆದಂಡೆಗೆ ಇಂಜಿನ್ ಬಂದದ್ದು ಈ ದಾರಿಯಿಂದ.

ಇಂಜಿನ್ನಿನಲ್ಲಿ ಎರಡು ಜಾತಿ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ಒಳಗಿನ ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾದು, ಎಣ್ಣೆ ಸಿಡಿದ ಕೂಡಲೇ ಉರಿ ಹತ್ತುತ್ತದೆ. ಪೆಟ್ರೋಲಿನ ಮೇಲೆ ಚಾಲೂ ಮಾಡಿ, ಬಿಸಿಯಾದ ಮೇಲೆ ಚಿಮಣಿ ಎಣ್ಣೆಗೆ ತಿರುಗಿಸುವ ಸಣ್ಣ ಇಂಜಿನ್ನಿಗೆ ಮಾತ್ರ ಪ್ಲಗ್ಗಿನ ಕಿಡಿ ಬೇಕು. ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ವೇಳೆಗೆ ಮೊದಲೇ ಉರಿ ಹತ್ತಿದರೆ ಹ್ಯಾಂಡಲ್ ತಿರುಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರು ಲೋಕದ ತುಂಬ ಇದ್ದರು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬವನು ಬ್ಯಾಟರಿಯಿಂದ ಚಾಲೂ ಆಗುವ ಸೆಲ್ಫ್ ಸ್ಟಾರ್ಟರ್ ಕಂಡುಹಿಡಿದು, ಅದು 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಈ ಭಯ ಕಾರಿನವರಿಗೆ ಕಡಿಮೆಯಾಯಿತು. ನಮ್ಮ ಹೊಲಗಳಲ್ಲಿ ಮಾತ್ರ ಹ್ಯಾಂಡಲ್ ಬಹಳ ವರ್ಷ ಉಳಿಯಿತು. ಅದರ ಜೊತೆಗೆ "ಹೆಣ್ಮಕ್ಕಳು ಮಷೀನ್ ಮುಟ್ಟಬ್ಯಾಡ್ರಿ" ಎನ್ನುವ ಮಾತೂ ಉಳಿಯಿತು.

ಮೂಡಲಗಿ ಆಗ ಗೋಕಾಕ ತಾಲೂಕಿನೊಳಗೇ ಇತ್ತು. ಅಲ್ಲಿಯ ನಮ್ಮ ಕಾಕಾ ಫಾಲ್ಸಿನ ಗಿರಣಿಯಲ್ಲಿ ಪಾಳಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಕಬ್ಬು ವಾರದ ತನಕ ಕಾಯುತ್ತದೆಯೇ? ಕಾಕು ತಾವೇ ಸೆರಗು ಕಟ್ಟಿ ಆ ಸಣ್ಣ ಇಂಜಿನ್ನಿಗೆ ಕೈ ಹಾಕಿದರು. ಮಿಸ್ತ್ರಿ ಬಂದಾಗ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದೇ ಅವರ ಶಾಲೆ. "ನೋಡವ್ವಾ, ಎಣ್ಣಿ ಬಂತೇನು, ಕಿಡಿ ಬಂತೇನು, ಗಾಳಿ ಹೊಕ್ಕಿತೇನು, ಇಷ್ಟ ಕೇಳು. ಒಂದ ನೋಡಿ ಮುಗಿಸಿ ಇನ್ನೊಂದಕ್ಕ ಹೋಗು. ಎಲ್ಲಾ ಕೂಡೇ ಬಿಚ್ಚಬ್ಯಾಡ" ಎನ್ನುತ್ತಿದ್ದರು. ಆ ಮೇಲೆ ನಾನು ಓದಿದ ಯಾವ ಪುಸ್ತಕವೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಈ ಪಂಪ್‌ಸೆಟ್ಟನ್ನೇ ದೋಣಿಯೊಳಗೆ ಕೂಡಿಸಿದರೆ ಏನಾಗುತ್ತದೆ ಗೊತ್ತೇ? ಜೆಟ್ ದೋಣಿ ಆಗುತ್ತದೆ! ನ್ಯೂಜಿಲೆಂಡಿನಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಅಲ್ಲಿಯ ಹೊಳೆಗಳು ತೆಳ್ಳಗೆ ಹರಿಯುತ್ತವೆ, ತಳದಲ್ಲಿ ಬರೀ ಕಲ್ಲು. ನೀರಿನಡಿ ತಿರುಗುವ ಪಂಖ ಕಲ್ಲಿಗೆ ಬಡಿದು ಮುರಿಯುತ್ತಿತ್ತು. ಹ್ಯಾಮಿಲ್ಟನ್ ದೋಣಿಯ ತಳದಿಂದ ನೀರು ಎಳೆದು ಹಿಂದಕ್ಕೆ ರಭಸದಿಂದ ಉಗುಳುವಂತೆ ಮಾಡಿದರು. ಆ ರಭಸಕ್ಕೆ ದೋಣಿ ಮುಂದೆ ಓಡುತ್ತದೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1977ರಲ್ಲಿ ಇಂಥ ದೋಣಿಗಳಲ್ಲೇ ಸಮುದ್ರದಿಂದ ಗಂಗೆಯ ಮೇಲೆ ಏರುತ್ತ ಹೋದರು. ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬಂತು, ಮುಂದೆ ನಡೆದೇ ಹೋಗಬೇಕಾಯಿತು. ನಮ್ಮ ಗೋಕಾಕದ ಜಲಪಾತವೋ ಸುಮಾರು 170 ಅಡಿ. ಅದನ್ನು ಏರುವ ದೋಣಿ ಇನ್ನೂ ಹುಟ್ಟಬೇಕು!

ಹಳೆಯ ಜೆಟ್ ದೋಣಿ ಚಾಲೂ ಆಗದಿದ್ದರೂ ಕಾಕುವಿನ ಆ ಮೂರು ಪ್ರಶ್ನೆಗಳೇ ಸಾಕು. ಆದರೆ ಅದಕ್ಕೂ ಮೊದಲು ಇಂಜಿನ್ನಿನ ಮುಚ್ಚಳ ತೆಗೆದು ಗಾಳಿ ಆಡಲು ಬಿಡಬೇಕು. ಪೆಟ್ರೋಲಿನ ಆವಿ ದೋಣಿಯ ತಳದಲ್ಲಿ ನಿಂತಿರುತ್ತದೆ. ಗ್ಯಾಸ್ ವಾಸನೆ ಬಂದಾಗ ನಾವು ಸ್ವಿಚ್ ಮುಟ್ಟದೆ ಕಿಟಕಿ ತೆರೆಯುವುದಿಲ್ಲವೇ, ಹಾಗೆ. ಆಮೇಲೆ ಕೀಲಿ ತಿರುಗಿಸಿ ಕಿವಿಗೊಡಬೇಕು. ಬರೀ ಕಟ್ ಕಟ್ ಎಂದರೆ ಬ್ಯಾಟರಿಯತ್ತ ನೋಡಬೇಕು. ಮನೆಯ ಇನ್ವರ್ಟರಿನ ಬ್ಯಾಟರಿಗೆ ಬರುವಂತೆ ತಂತಿಯ ಬುಡಕ್ಕೆ ಬಿಳಿ ಪುಡಿ ಕಟ್ಟಿರುತ್ತದೆ. ಅದನ್ನು ಒರಸಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪ್ಲಗ್ ತೆಗೆದು ನೋಡಬೇಕು. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದಿದ್ದರೆ ಒಂದೋ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಹಳೆಯ ಇಂಜಿನ್ನುಗಳಲ್ಲಿ ಕಿಡಿ ಹುಟ್ಟಿಸುವ ಪಾಯಿಂಟುಗಳು ಸುಟ್ಟು ಕಪ್ಪಾಗುತ್ತವೆ, ಅವುಗಳ ಮೇಲಿನ ಮುಚ್ಚಳದೊಳಗೆ ಪಸೆ ಕೂಡುತ್ತದೆ. ನೀರಿನ ಮೇಲೆಯೇ ಬದುಕುವ ಇಂಜಿನ್ನಿಗೆ ಪಸೆ ದೊಡ್ಡ ಶತ್ರು.

ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಅದೇ ತಾಲೂಕಿನ ಹಿಡಕಲ್ ಆಣೆಕಟ್ಟು, ಹಿಲರಿ ಗಂಗೆ ಏರಿದ 1977ರ ಹೊತ್ತಿಗೆ ಎದ್ದು ನಿಂತಿತು. ಕಾಲುವೆಯ ನೀರು ಬಂತು, ಕರೆಂಟಿನ ಮೋಟಾರು ಬಂತು. ಬಟನ್ ಒತ್ತುವ ಕಾಲದಲ್ಲಿ ಮೂರು ಪ್ರಶ್ನೆಗಳು ಯಾರಿಗೂ ಬೇಡವಾದವು.

2019ರ ಆಗಸ್ಟಿನಲ್ಲಿ ಅವು ಮತ್ತೆ ಬೇಕಾದವು. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪೇಟೆಯೊಳಗೇ ನೀರು ಹೊಕ್ಕಿತು. ನಾವಿದ್ದ ಓಣಿಯ ತುದಿಗೆ ಒಂದು ರಬ್ಬರ್ ದೋಣಿ ಬಂದು ಇಂಜಿನ್ ಬಂದಾಗಿ ನಿಂತಿತ್ತು. ಎದುರಿನ ಮಾಳಿಗೆಯ ಮೇಲೆ ಬಾಣಂತಿಯೊಬ್ಬಳು ಕೂಸನ್ನು ಅವಚಿಕೊಂಡು ಕೂತಿದ್ದಳು. ಹುಡುಗ ಹಗ್ಗ ಎಳೆದೂ ಎಳೆದೂ ಸೋತಿದ್ದ. ಪೆಟ್ರೋಲಿನ ವಾಸನೆ ನಮ್ಮ ಮೆಟ್ಟಿಲ ತನಕ ಬರುತ್ತಿತ್ತು. "ತಮ್ಮಾ, ಅದು ಪೆಟ್ರೋಲ್ ಜಾಸ್ತಿ ಕುಡದೈತಿ. ಚೋಕ್ ಬಿಡು, ಪ್ಲಗ್ ತಗದು ಒರಸು" ಎಂದು ಒಣ ಟವೆಲ್ ಕೊಟ್ಟೆ. ಅವನು ಒಮ್ಮೆ ನನ್ನ ಮುಖ ನೋಡಿದ, ಆದರೆ ಹಾಗೆಯೇ ಮಾಡಿದ. ಪ್ಲಗ್ ಒರಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿ ಎಳೆದಾಗ ಮೂರನೆಯ ಸಲಕ್ಕೆ ಇಂಜಿನ್ ಹತ್ತಿತು. ಬಾಣಂತಿ ಕತ್ತಲಾಗುವ ಮೊದಲೇ ಒಣ ನೆಲ ಮುಟ್ಟಿದಳು.

"ನಿಮಗ ಹ್ಯಾಂಗ ಗೊತ್ತಾತ್ರೀ, ಬಾಯಾರ?" ಎಂದು ಆ ಹುಡುಗ ಆಮೇಲೆ ಕೇಳಿದ. ಮೂಡಲಗಿಯ ಕಾಕುವಿನ ಹೆಸರು ಹೇಳಿದೆ. ಅವನಿಗೆ ನಗು ಬಂತು. ಇರಲಿ. ಇಂದು ಸ್ಕೂಟಿ ಓಡಿಸುವ ನಮ್ಮ ಹುಡುಗಿಯರು ಗಾಡಿ ನಿಂತರೆ ಮೊದಲು ಅಣ್ಣನಿಗೆ ಫೋನ್ ಮಾಡುತ್ತಾರೆ. ಫೋನ್ ಮಾಡಲಿ, ತಪ್ಪೇನಿಲ್ಲ. ಅಣ್ಣ ಬರುವ ತನಕ ಎಣ್ಣೆ, ಕಿಡಿ, ಗಾಳಿ ಎಂದು ಒಂದೊಂದಾಗಿ ಕೇಳುತ್ತ ಕೂತರೆ ಅವನು ಬರುವ ಮೊದಲೇ ಮನೆ ಸೇರಿದರೂ ಸೇರಬಹುದು.