ಪೈಥಾನ್ ಫಂಕ್ಷನ್‌ಗೆ ನಮ್ಮದೇ ನೇಮ್‌ಸ್ಪೇಸ್ ಕೊಡಬಹುದೇ?

ಪೈಥಾನ್‌ನಲ್ಲಿ ವೇರಿಯಬಲ್‌ಗಳೆಲ್ಲ ಕೂತಿರುವುದು ಡಿಕ್ಷನರಿಯಲ್ಲಿ ಎಂಬ ಮಾತು ಕಲಿಯುವವರ ಕಿವಿಗೆ ಬೇಗ ಬೀಳುತ್ತದೆ. ಮಾಡ್ಯೂಲ್ ಮಟ್ಟದಲ್ಲಿ ಇದು ನಿಜ. ಫಂಕ್ಷನ್ ಒಳಗೆ ನಿಜವಲ್ಲ.

ಒಂದು ಹೆಸರಿನ ಮೌಲ್ಯವನ್ನು ಪೈಥಾನ್ ಹುಡುಕುವ ಜಾಗವೇ ನೇಮ್‌ಸ್ಪೇಸ್. ಅಲ್ಲಿ ನಾವು ಬರೆದ ಮ್ಯಾಪಿಂಗ್ ಇಟ್ಟರೆ, ಹೆಸರು ಕೇಳಿದಾಗಲೇ ಮೌಲ್ಯವನ್ನು ಲೆಕ್ಕ ಹಾಕಿ ಕೊಡಬಹುದು. 2004ರ ಪೈಥಾನ್ 2.4ರಿಂದ ಇವ್ಯಾಲ್‌ಗೆ ಕೊಡುವ ಲೋಕಲ್ಸ್ ಯಾವ ಮ್ಯಾಪಿಂಗ್ ಆದರೂ ಆಗಬಹುದು. ರೇಮಂಡ್ ಹೆಟಿಂಗರ್ ಇದನ್ನೇ ಹಿಡಿದು ಕೆಲವೇ ಸಾಲುಗಳಲ್ಲಿ ಪುಟ್ಟ ಸ್ಪ್ರೆಡ್‌ಶೀಟ್ ಬರೆದು ತೋರಿಸಿದ್ದರು. ಸೂತ್ರದಲ್ಲಿ 'ಎ1' ಎಂದು ಬಂದರೆ ಮ್ಯಾಪಿಂಗ್ ಆ ಕೋಶದ ಸೂತ್ರವನ್ನು ಬಿಡಿಸಿ ಉತ್ತರ ಕೊಡುತ್ತದೆ. ಸೊಗಸಾದ ಉಪಾಯ!

ಆದರೆ ಎಕ್ಸೆಕ್‌ಗೆ ಕೊಟ್ಟ ಕೋಡಿನಲ್ಲಿ ಒಂದು ಫಂಕ್ಷನ್ ಇದ್ದರೆ, ಅದರೊಳಗೆ ಈ ಲೋಕಲ್ಸ್ ಕಾಣುವುದಿಲ್ಲ. ಸಿಪೈಥಾನ್ ಫಂಕ್ಷನ್‌ನ ಸ್ವಂತ ವೇರಿಯಬಲ್‌ಗಳನ್ನು ಕಂಪೈಲ್ ಮಾಡುವಾಗಲೇ ಗುರುತಿಸಿ, ಸಂಖ್ಯೆ ಹಚ್ಚಿದ ಗೂಡುಗಳಲ್ಲಿ ಇಡುತ್ತದೆ. ವೇಗಕ್ಕಾಗಿ ಮಾಡಿಕೊಂಡ ಏರ್ಪಾಡು ಇದು. ನಡುವೆ ನಮ್ಮ ಮ್ಯಾಪಿಂಗ್ ತೂರಿಸಲು ಜಾಗವಿಲ್ಲ. ಅಲ್ಲಿ ಸಿಗದ ಹೆಸರನ್ನು ಗ್ಲೋಬಲ್ಸ್‌ನಲ್ಲಿ, ಆಮೇಲೆ ಬಿಲ್ಟಿನ್ಸ್‌ನಲ್ಲಿ ಹುಡುಕಲಾಗುತ್ತದೆ.

ಹಾಗಾಗಿ ನಾವು ಕೈ ಹಾಕಬಹುದಾದದ್ದು ಗ್ಲೋಬಲ್ಸ್‌ಗೆ. ಇಲ್ಲಿ ಬರೀ ಮ್ಯಾಪಿಂಗ್ ನಡೆಯದು, ಡಿಕ್ಷನರಿ ಅಥವಾ ಅದರ ಸಬ್‌ಕ್ಲಾಸ್ ಬೇಕು. ಬೇರೆ ಕೊಟ್ಟರೆ ಟೈಪ್‌ಎರರ್. ಸಬ್‌ಕ್ಲಾಸ್‌ನಲ್ಲಿ 'ಮಿಸ್ಸಿಂಗ್' ಮೆಥಡ್ ಬರೆದರೆ, ಈಗಿನ ಪೈಥಾನ್ 3ರಲ್ಲಿ ಫಂಕ್ಷನ್ ಕೇಳುವ ಅಪರಿಚಿತ ಹೆಸರು ಅಲ್ಲಿಗೆ ಬರುತ್ತದೆ. ನಮಗೆ ಬೇಡದ ಹೆಸರಿಗೆ ಕೀಎರರ್ ಎಬ್ಬಿಸುವುದನ್ನು ಮರೆಯಬಾರದು. ಮರೆತರೆ ಪ್ರಿಂಟ್, ಲೆನ್ ಕೂಡ ನಮ್ಮ ಮೆಥಡ್‌ನಲ್ಲೇ ಸಿಕ್ಕಿಬಿದ್ದು ಬಿಲ್ಟಿನ್ಸ್ ತಲುಪುವುದಿಲ್ಲ. ಇನ್ನೊಂದು ವಿಚಿತ್ರವಿದೆ: ಫಂಕ್ಷನ್ ಒಳಗೆ 'ಗ್ಲೋಬಲ್' ಎಂದು ಘೋಷಿಸಿ ಮೌಲ್ಯ ಬರೆದರೆ, ಸಿಪೈಥಾನ್ ನಮ್ಮ 'ಸೆಟ್‌ಐಟಂ' ಮೆಥಡ್ಡನ್ನು ಕರೆಯದೆ ನೇರವಾಗಿ ಡಿಕ್ಷನರಿಗೆ ಹಾಕುತ್ತದೆ. ಓದುವಾಗ ಕಾವಲಿದೆ, ಬರೆಯುವಾಗ ಇಲ್ಲ.

ಕೆಲವರು ಇದೇ ವಿಧಾನವನ್ನು ಭದ್ರತೆಗೆ ನೆಚ್ಚುತ್ತಾರೆ. ಬಿಲ್ಟಿನ್ಸ್ ಖಾಲಿ ಮಾಡಿ, ಹೆಸರುಗಳನ್ನು ಸೋಸಿದರೆ ಅಪರಿಚಿತರ ಕೋಡನ್ನು ಧೈರ್ಯವಾಗಿ ಓಡಿಸಬಹುದು ಎಂಬುದು ಅವರ ನಂಬಿಕೆ. ಇದು ತಪ್ಪು, ಅಪಾಯಕಾರಿ ಕೂಡ. ಒಂದು ಖಾಲಿ ಟ್ಯೂಪಲ್ ಸಾಕು: ಅದರ ಕ್ಲಾಸ್, ಆ ಕ್ಲಾಸ್‌ನ ಮೂಲ, ಮೂಲದ ಉಳಿದ ಸಬ್‌ಕ್ಲಾಸ್‌ಗಳು ಎಂದು ಚುಕ್ಕೆ ಇಡುತ್ತಾ ಹೋದರೆ ಇಂಟರ್‌ಪ್ರಿಟರ್‌ನ ಒಳಮನೆಗೇ ದಾರಿ ಸಿಗುತ್ತದೆ. ಈ ದಾರಿಯಲ್ಲಿ ನೇಮ್‌ಸ್ಪೇಸನ್ನು ಯಾರೂ ಕೇಳುವುದೇ ಇಲ್ಲ. ಬಳಕೆದಾರರ ಸೂತ್ರಗಳನ್ನು ಲೆಕ್ಕ ಹಾಕಬೇಕಿದ್ದರೆ, ಎಎಸ್‌ಟಿ ಮಾಡ್ಯೂಲ್‌ನಿಂದ ಸೂತ್ರವನ್ನು ಬಿಡಿಸಿ, ಕೂಡು-ಕಳೆಯಂಥ ಬೇಕಾದ ಕ್ರಿಯೆಗಳನ್ನಷ್ಟೇ ನಮ್ಮ ಕೋಡಿನಿಂದ ನಡೆಸುವುದು ಲೇಸು.