ಮನೆಯ ಗಣಕಕ್ಕೊಂದು ವಿಳಾಸ

ಅಂಚೆಯಣ್ಣನಿಗೆ ಮನೆ ನಂಬರು ಹೇಗೋ, ಅಂತರಜಾಲಕ್ಕೆ ಐ.ಪಿ. ವಿಳಾಸ ಹಾಗೆ. 1981ರ ನಿಯಮದ ಪ್ರಕಾರ ಇದು 32 ಬಿಟ್‌ಗಳ ಸಂಖ್ಯೆ. ಅಂದರೆ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಆಗ ಧಾರಾಳವೆನಿಸಿದ್ದ ಈ ದಾಸ್ತಾನು ಬರಿದಾಗಲಿದೆ ಎಂಬ ಆತಂಕ ಹತ್ತೇ ವರ್ಷಗಳಲ್ಲಿ ತಲೆದೋರಿತು.

1994ರಲ್ಲಿ ತಜ್ಞರು ಒಂದು ಉಪಾಯ ಮುಂದಿಟ್ಟರು. ‘192.168’ರಿಂದ ಶುರುವಾಗುವ ಸಂಖ್ಯೆಗಳೂ ಸೇರಿದಂತೆ ಕೆಲವನ್ನು ಖಾಸಗಿ ಬಳಕೆಗೆ ಮೀಸಲಿಟ್ಟರು. ಅವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಿಸುವ ‘ನ್ಯಾಟ್’ ವಿಧಾನವೂ ಅದೇ ವರ್ಷ ಪ್ರಕಟವಾಯಿತು. ಮುಂದೆ ಮನೆಮಂದಿಯ ಗಣಕಗಳೆಲ್ಲ ಒಂದೇ ಹೊರವಿಳಾಸದಲ್ಲಿ ಸಂಸಾರ ಹೂಡಿದವು.

ಆದರೆ ಇದರಿಂದ ಒಂದು ತೊಡಕು. ಹೊರಹೋಗುವುದು ಸಲೀಸು, ಒಳಬರುವುದು ಕಷ್ಟ. ಮನೆಯಲ್ಲೇ ಸರ್ವರ್ ಇಟ್ಟು ಫೋಟೊ, ಕಡತಗಳನ್ನು ದೂರದಿಂದ ನೋಡಬಯಸುವವರ ಕರೆ ಬಾಗಿಲಲ್ಲೇ ನಿಲ್ಲುತ್ತದೆ. ಅದನ್ನು ಯಾವ ಗಣಕಕ್ಕೆ ಮುಟ್ಟಿಸಬೇಕೆಂದು ರೌಟರಿಗೆ ತಿಳಿಯದು. ಆದ್ದರಿಂದಲೇ ಸರ್ವರಿಗೆ ಸ್ಥಿರ ಒಳವಿಳಾಸ ಕೊಡುವುದು, ಪೋರ್ಟ್ ಸಂಖ್ಯೆ ಬದಲಿಸುವುದು, ಆ ಪೋರ್ಟಿಗೆ ಬಂದದ್ದನ್ನು ಸರ್ವರಿನತ್ತ ತಿರುಗಿಸುವಂತೆ ರೌಟರಿಗೆ ಹೇಳುವುದು ಇವೆಲ್ಲ ಮನೆಯವರ ಕೈಯಲ್ಲಿರಬೇಕಾಗುತ್ತದೆ.

2011ರ ಫೆಬ್ರುವರಿ 3ರಂದು ಹಂಚಲು ಉಳಿದಿದ್ದ ಜಾಗತಿಕ ದಾಸ್ತಾನು ಮುಗಿಯಿತು. ಇಂದು ಅನೇಕ ಕಂಪೆನಿಗಳು ಹಲವು ಗ್ರಾಹಕರನ್ನು ಒಂದೇ ವಿಳಾಸದಡಿ ಕೂರಿಸುತ್ತವೆ. ಆಗ ಬೀಗದ ಕೈ ಕಂಪೆನಿಯದು; ಮನೆಯ ರೌಟರಿನಲ್ಲಿ ಪೋರ್ಟ್ ತಿರುಗಿಸಿದರೂ ಫಲವಿಲ್ಲ. 1995ರಲ್ಲಿ ಪ್ರಕಟವಾದ, 128 ಬಿಟ್‌ಗಳ ‘ಐ.ಪಿ. ಆವೃತ್ತಿ 6’ ಪ್ರತಿ ಗಣಕಕ್ಕೂ ಸ್ವಂತ ವಿಳಾಸ ನೀಡಬಲ್ಲದು. ವಿಳಾಸದ ಬರ ನೀಗಿದ ಮೇಲೂ, ಬಾಗಿಲನ್ನು ಯಾರಿಗೆ ತೆರೆಯಬೇಕೆಂಬ ತೀರ್ಮಾನ ಮನೆಯವರದೇ ಆಗಿರಬೇಕು.