ಹೆಸರು ತಿಳಿದ ಮೇಲಿನ ದಿನಗಳು

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗಿದೆಯೆಂದರೆ, ಅದರೊಳಗಿನ ಸಂಕಟ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅದು ಮರೆಯುವವರನ್ನು ನೋಡುತ್ತಿರುವವರು ಆಡಿದ ಮಾತು, ಮರೆಯುತ್ತಿರುವವರು ಆಡಿದ್ದಲ್ಲ. ಬುದ್ಧಿ ಇನ್ನೂ ತಿಳಿಯಾಗಿರುವಾಗಲೇ, ತನ್ನ ನೆನಪು ಕರಗಲಾರಂಭಿಸಿದೆಯೆಂದು ವೈದ್ಯರ ಬಾಯಿಂದ ಕೇಳಿದವನು ಆ ತಿಳಿವಿನೊಡನೆ ಹೇಗೆ ಬಾಳಬೇಕು? ಈ ಪ್ರಶ್ನೆ ಹಳೆಯದೆಂದು ತೋರಿದರೂ ಅದರ ಇತಿಹಾಸ ತೀರ ಈಚಿನದು.

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ 51 ವರ್ಷದ ಔಗುಸ್ತೆ ಡೇಟರ್ ಎಂಬ ಗೃಹಿಣಿಯನ್ನು ಸೇರಿಸಿದರು. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯ ಆಕೆಯನ್ನು ಮಾತನಾಡಿಸಿ, ಪ್ರಶ್ನೋತ್ತರಗಳನ್ನು ಬರೆದಿಟ್ಟ. ಗಂಡನ ಹೆಸರೇನೆಂದರೆ ಆಕೆ ತನ್ನದೇ ಹೆಸರು ಹೇಳಿದಳು. ಊಟಕ್ಕೆ ಹೂಕೋಸು, ಹಂದಿಮಾಂಸ ಬಡಿಸಿದ್ದರೆ, ತಾನು ತಿನ್ನುತ್ತಿರುವುದು ಪಾಲಕ್ ಸೊಪ್ಪೆಂದಳು. ಹೆಸರು ಬರೆಯೆಂದಾಗ ‘ಶ್ರೀಮತಿ’ ಎಂಬಷ್ಟನ್ನು ಬರೆದು, ಮುಂದಿನದು ಮರೆತು ನಿಂತಳು. ಇಷ್ಟರ ನಡುವೆಯೂ, ತನ್ನನ್ನು ತಾನೇ ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನು ಆಕೆ ಆಡಿದಳು.

ಆ ಕಡತವನ್ನು ಕುರಿತು ಓದುವಾಗಲೆಲ್ಲ ನಾನು ಈ ಮಾತಿನ ಬಳಿ ನಿಲ್ಲುತ್ತೇನೆ. ಆಕೆಗೆ ಗೊತ್ತಿತ್ತು. ಆದರೆ ಆ ಗೊತ್ತಿಗೊಂದು ಹೆಸರು ಕೊಡಬಲ್ಲವರು ಯಾರೂ ಇರಲಿಲ್ಲ. ಆಕೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅದೇ ನವೆಂಬರ್‌ನಲ್ಲಿ ಆಲ್ಜೈಮರ್ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ಆಕೆಯ ಮೆದುಳಿನಲ್ಲಿ ಕಂಡ ವಿಕಾರಗಳನ್ನು ವಿವರಿಸಿದ. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೆಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಜೈಮರನ ಹೆಸರಿಟ್ಟ. ರೋಗಿಯ ಹೆಸರು ಕಡತದಲ್ಲೇ ಉಳಿಯಿತು. 1995ರಲ್ಲಿ ಆ ಕಡತ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿತು.

ಇನ್ನೊಂದು ಸಂಗತಿ ನನಗೆ ವಿಚಿತ್ರವೆನಿಸುತ್ತದೆ. ಬಹುಕಾಲ ಇದು ನಡುವಯಸ್ಸಿನವರ ಅಪರೂಪದ ರೋಗವೆಂದೇ ಗಣನೆಯಾಗಿತ್ತು. ಮುದುಕರ ಮರೆವಾದರೋ ವಯೋಧರ್ಮವೆನಿಸಿಕೊಂಡಿತು. ಎರಡೂ ಒಂದೇ ಎಂದು ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಬಲವಾಗಿ ವಾದಿಸಿದ್ದು 1976ರಲ್ಲಿ. ವಿದ್ಯಾವಂತ ಪಶ್ಚಿಮವೂ ಅಲ್ಲಿಯವರೆಗೆ ತನ್ನದೇ ಅರಳುಮರಳಿನ ಗಾದೆಯನ್ನು ನಂಬಿತ್ತೆನ್ನಬೇಕು.

ಆಮೇಲೆ ರೋಗಿಗಳೇ ಮಾತನಾಡತೊಡಗಿದರು. 1994ರ ನವೆಂಬರ್ 5ರಂದು ಅಮೆರಿಕದ ಮಾಜಿ ಅಧ್ಯಕ್ಷ ರೇಗನ್ ತನ್ನ ಕೈಯಾರೆ ಪತ್ರ ಬರೆದು, ತನಗೆ ಈ ರೋಗ ತಗುಲಿರುವುದನ್ನು ದೇಶಕ್ಕೆ ತಿಳಿಸಿದರು. ಅವರ ರಾಜಕೀಯ ನಮಗಿಲ್ಲಿ ಬೇಡ. ತನಗಿಂತ ಹೆಂಡತಿಯ ಮೇಲೆ ಬೀಳಲಿರುವ ಭಾರವೇ ಆ ಪತ್ರದಲ್ಲಿ ಹೆಚ್ಚು ನೋಯುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದವನು ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕನ್ ಚಿತ್ರಕಾರ ವಿಲಿಯಂ ಉಟರ್ಮೋಲೆನ್. 1995ರಲ್ಲಿ, ತನ್ನ ಅರುವತ್ತರ ಆರಂಭದಲ್ಲಿ, ಅವನಿಗೆ ರೋಗದ ಹೆಸರು ತಿಳಿಯಿತು. ಆ ವರ್ಷದ ಚಿತ್ರದಲ್ಲಿ ಬರಿದಾದ ಕೋಣೆಯೊಂದರಲ್ಲಿ ಅವನು ಕುಗ್ಗಿ ಕುಳಿತು, ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಾನೆ. ಮೇಲೆ ತೆರೆದ ಗವಾಕ್ಷಿ. ಅದರಾಚೆ ನೀಲಿ ಆಕಾಶ. ಧೈರ್ಯದ ನಟನೆ ಅಲ್ಲಿಲ್ಲ, ಭಯವನ್ನು ಮುಚ್ಚಿಟ್ಟಿಲ್ಲ. ಆಮೇಲೆ ಅವನು ವರ್ಷ ವರ್ಷವೂ ತನ್ನ ಮುಖವನ್ನೇ ಬರೆಯುತ್ತ ಹೋದ. 1997ರ ಒಂದು ಚಿತ್ರದಲ್ಲಿ ಮುಖದ ಪಕ್ಕಕ್ಕೆ ಗರಗಸವಿದೆ. ಈ ರೋಗವೆಂದು ಖಚಿತವಾಗಬೇಕಾದರೆ ಸತ್ತ ಮೇಲೆ ಮೆದುಳನ್ನು ಸೀಳಿ ನೋಡಬೇಕೆಂಬುದನ್ನು ಅದು ಸೂಚಿಸುತ್ತದೆಂದು ಅವನ ಪತ್ನಿ, ಕಲಾ ಇತಿಹಾಸಜ್ಞೆ ಪೆಟ್ರೀಷಿಯಾ, ಹೇಳಿದ್ದಾಳೆ. ಈಗ ಮೆದುಳಿನ ಛಾಯಾಚಿತ್ರ, ರಕ್ತಪರೀಕ್ಷೆಗಳೂ ರೋಗದ ಗುರುತನ್ನು ಬದುಕಿರುವಾಗಲೇ ತೋರಿಸಬಲ್ಲವು. ತಿಳಿದುಕೊಂಡು ಬದುಕಬೇಕಾದ ದಿನಗಳೂ ಅಷ್ಟರಮಟ್ಟಿಗೆ ಉದ್ದವಾಗಿವೆ.

2000ದ ಹೊತ್ತಿಗೆ ಅವನ ಬಣ್ಣ ಹೋಗಿ ಪೆನ್ಸಿಲ್ ಉಳಿದಿತ್ತು; ಮುಖವೂ ಕೆಲವು ಗೆರೆಗಳಾಗಿತ್ತು. 2001ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಈ ಚಿತ್ರಗಳನ್ನು ಪ್ರಕಟಿಸಿದಾಗ, ಕೌಶಲ ಕುಸಿಯುತ್ತ ಬಂದ ಕ್ರಮವನ್ನು ಅವುಗಳಲ್ಲಿ ಗುರುತಿಸಲಾಯಿತು. ವೈದ್ಯರು ಹಾಗೆ ಓದಿದ್ದು ಸರಿಯೇ. ಬದಲಾಗುತ್ತಿರುವ ತನ್ನನ್ನು, ತನ್ನ ಭಯ ದುಃಖಗಳನ್ನು ವಿವರಿಸಲು ಗಂಡ ಪಟ್ಟ ಪ್ರಯತ್ನವನ್ನು ಪೆಟ್ರೀಷಿಯಾ ಅವೇ ಚಿತ್ರಗಳಲ್ಲಿ ಕಂಡಳು. ನನಗೆ ಆಕೆಯ ಓದೇ ಹೆಚ್ಚು ಪೂರ್ಣವೆಂದು ತೋರುತ್ತದೆ. ಗೆರೆ ತಪ್ಪುತ್ತಿದೆಯೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಪೆನ್ಸಿಲ್ ಹಿಡಿಯುತ್ತಿದ್ದ.